ಗೋಣಿಚೀಲದ ಹುತ್ತ ಹಾಲು ಕುಡಿದದ್ದು

ನನ್ನ ಮೊಮ್ಮಕ್ಕಳೇ, ಮೊನ್ನೆ ಮೊಬೈಲಿನಲ್ಲಿ ಕಂಪ್ಯೂಟರ್ ಹಾವು ತೋರಿಸಿ, "ಆಯಿ, ಅಂಜಿಕಿ ಬಂತೇನ?" ಎಂದು ಕೇಳಿದಿರಿ. ಅಂಜಿಕೆಯಲ್ಲ, ಹೇಸಿಕೆ ಬಂತು. ಸಿನಿಮಾದ ಹಾವನ್ನು ನಾನು ಬಾಲ ಹಿಡಿದು ನೋಡಿದವಳು.

ಗದಗ ಜಿಲ್ಲೆಯಾದ ಹೊಸತು. ನಿಮ್ಮ ಅಜ್ಜ ತೀರಿಕೊಂಡು ವರ್ಷ ತುಂಬಿರಲಿಲ್ಲ. ಲಕ್ಷ್ಮೇಶ್ವರ ರಸ್ತೆಯ ನಮ್ಮ ಹೊಲಕ್ಕೆ ಯಾವುದೋ ದೇವರ ಸಿನಿಮಾದವರು ಬಂದಿಳಿದರು. ಒಡ್ಡಿನ ಮೇಲೆ ಬಿದಿರು ಕಟ್ಟಿ, ಗೋಣಿಚೀಲ ಸುತ್ತಿ, ಸಿಮೆಂಟು ಬಳಿದು, ಕೆಮ್ಮಣ್ಣು ಎರಚಿ ಹುತ್ತ ಮಾಡಿದರು. ಒಳಗೊಂದು ಪೈಪು, ಅದರ ಬಾಯಿ ಒಡ್ಡಿನ ಆಚೆಗೆ. ನಾಯಕಿ ಎರೆದ ಹಾಲು ಆ ಕಡೆ ಬಕೆಟ್ಟಿಗೆ ಬೀಳುತ್ತಿತ್ತು, ಈ ಕಡೆ ಹುತ್ತವೇ ಕುಡಿದಂತೆ ಕಾಣುತ್ತಿತ್ತು. ರಬ್ಬರ್ ಹಾವಿಗೆ ದಾರ ಕಟ್ಟಿ ಹುತ್ತದೊಳಗೆ ಎಳೆದುಕೊಂಡರು. ಆ ರೀಲನ್ನು ಹಿಂದುಮುಂದಾಗಿ ಓಡಿಸಿದರೆ ಹಾವು ತಾನಾಗಿ ಹೊರಬಂದಂತೆ ಕಾಣುವುದಂತೆ. ದಾರ ಕಾಣಬಾರದೆಂದು ಲೋಬಾನದ ಹೊಗೆ ಬೇರೆ. ಇಷ್ಟೇ ಇವರ ಪವಾಡ. ಹೋಗುವಾಗ ತಮ್ಮ ಕಸ ಕಿತ್ತೊಯ್ಯುವ ಮಾನವೂ ಅವರಿಗಿರಲಿಲ್ಲ.

ಊರಿನವರೆಲ್ಲ ನಿಂತು ಇದನ್ನು ಕಂಡಿದ್ದರು. ಆದರೂ ಗದಗದ ಟಾಕೀಜಿನಲ್ಲಿ ಅದೇ ಗೋಣಿಚೀಲವನ್ನು ಪರದೆಯ ಮೇಲೆ ನೋಡಿ ಬಂದವರೇ ಹೊಲದಲ್ಲಿ ಉಳಿದ ಹುತ್ತಕ್ಕೆ ಕೈಮುಗಿಯತೊಡಗಿದರು! ಪಂಚಮಿಗೆ ಹೆಂಗಸರ ಸಾಲು. "ಅಪ್ಪನ ಪಾಲು, ಅವ್ವನ ಪಾಲು" ಎನ್ನುತ್ತ ಎರೆದ ಹಾಲೆಲ್ಲ ಒಳಗಿಳಿಯಿತು.

"ಕುಡದಾನ ನೋಡ್ರಿ!" ಎಂದು ಕೂಗಿದವರು ನನ್ನ ಭಾವ, ನಿಮ್ಮ ಅಜ್ಜನ ಅಣ್ಣ. ಅವರ ಭಕ್ತಿ ಉಕ್ಕಿದ್ದು ಹಾವಿನ ಮೇಲಲ್ಲ, ನನ್ನ ಹೊಲದ ಮೇಲೆ. "ತಂಗಿ, ಇನ್ನ ಇದು ದೇವರ ಹೊಲ. ಗುಡಿ ಕಟ್ಟಿ ನಾನ ನೋಡಿಕೊಳ್ಳತೇನಿ. ನೀ ಬಿತ್ತಾಕ ಬರಬ್ಯಾಡ" ಎಂದರು. ಆ ಹೊಲವೂ ಹೋದರೆ ನಿಮ್ಮಪ್ಪನಿಗೆ ಏನು ಉಣಿಸಿ ಬೆಳೆಸಲಿ?

ಭಾವನ ಎದುರು ಬಾಯಿ ತೆರೆದವಳಲ್ಲ ನಾನು. ಸೆರಗು ಎಳೆದುಕೊಂಡು ಒಡ್ಡು ದಾಟಿದೆ. ಪೈಪಿನ ಬಾಯಿಗೆ ಭಾವನ ಮನೆಯ ನಾಯಿಯೇ ಬಾಯಿಟ್ಟು ಹಾಲು ನೆಕ್ಕುತ್ತಿತ್ತು. ನನ್ನ ಹಿಂದೆ ಬಂದ ಮುದುಕಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏ, ಈ ಕಡೆ ಬರ್ರೆವ್ವಾ! ನಾಕು ಕಾಲಿನ ನಾಗಪ್ಪ ಇಲ್ಲಿ ಕುಡಿಯಾಕತ್ತಾನ!"

ಸಾಲು ಮುರಿದು ಎಲ್ಲರೂ ಬಂದರು. ನಾನು ಎರಡೂ ಕೈಯಿಂದ ಪೈಪು ಜಗ್ಗಿದೆ. ಹುತ್ತ ವಾಲಿತು, ಚೀಲ ಹರಿಯಿತು, ಬಿದಿರು ಹೊರಗೆ ಬಂತು.

"ಪಾಪ ತಟ್ಟತೈತಿ!" ಎಂದರು ಭಾವ.

"ಮೊದಲ ನಿಮ್ಮ ನಾಯಿಗೆ ತಟ್ಟಲಿ ಬಿಡ್ರಿ" ಎಂದಳು ಮುದುಕಿ.

ಆ ಹಿಂಗಾರಿಗೆ ಅಲ್ಲಿ ಜೋಳ ಬಿತ್ತಿದೆ. ಭಾವನ ಮಕ್ಕಳು ಈಗಲೂ ಅಲ್ಲಿ ದೇವರಿದ್ದ ಎನ್ನುತ್ತಾರೆ; ಸಾಕ್ಷಿ ಹೇಳಲು ಆ ಮುದುಕಿ ಈಗಿಲ್ಲ. ನಾಳೆ ಅವರು ಬಾಯಿ ಮಾಡಿದರೆ ಓದಿ ಹೇಳಲು ಬೇಕು, ನಾನು ಬರೆದ ಈ ಹಾಳೆಗಳನ್ನು ಇಲಿಯ ಬಾಯಿಗೆ ಬಿಡದೆ ಹೊಲದ ಪಹಣಿಯ ಜೊತೆಗೇ ಇಟ್ಟುಕೊಳ್ಳಿ.