ಹಿಂದಿನ ಚಕ್ರದ ದಿಕ್ಕು

ಈ ಬರಹದಲ್ಲಿ ಒಬ್ಬ ಮನುಷ್ಯನನ್ನು ನಾನು ಏಕವಚನದಲ್ಲಿ ಕರೆಯಲಿದ್ದೇನೆ. ಆತ ವಯಸ್ಸಿನಲ್ಲಿ ನನಗಿಂತ ಹಿರಿಯ, ಹುದ್ದೆಯಲ್ಲಿಯೂ ಹಿರಿಯನಾಗಿದ್ದ. ಎದುರಾಳಿಯನ್ನು ಸಹ ‘ಮಾನ್ಯರೇ’ ಎಂದೇ ಸಂಬೋಧಿಸಬೇಕೆಂದು ಧಾರವಾಡದ ಕಾಲೇಜಿನ ಚರ್ಚಾಕೂಟ ನನಗೆ ಕಲಿಸಿತ್ತು. ಆದ್ದರಿಂದ ಇದು ಮರೆವಲ್ಲ, ನಿರ್ಧಾರ. ಕ್ಷಮೆಯನ್ನು ದೊಡ್ಡ ಗುಣವೆನ್ನುವವರ ಮಾತನ್ನು ಗೌರವದಿಂದ ಕೇಳುತ್ತೇನೆ. ಈ ಒಂದು ವಿಷಯದಲ್ಲಿ ಮಾತ್ರ ಪಾಲಿಸುವುದಿಲ್ಲ.

ಅದು ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿದ್ದ ಕಾಲ. ಕೊಂಡಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಬೆಂಗಳೂರು, ಮೈಸೂರುಗಳಿಂದ ಬಂದ ನನ್ನ ಓರಗೆಯವರು ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನಾನು, ದೇಶದ ಶಿಕ್ಷಣವನ್ನು ತಿದ್ದುವ ಸಂಕಲ್ಪ ಹೊತ್ತು, ದಿಲ್‌ಸುಖ್‌ನಗರದ ಒಂದು ಕೋಚಿಂಗ್ ಕೇಂದ್ರಕ್ಕೆ ಕಿರಿಯ ಅಧ್ಯಾಪಕಿಯಾಗಿ ಸೇರಿದೆ. ಚಪ್ಪಲಿ ಅಂಗಡಿಯ ಮೇಲಿನ ಮೂರು ಅಂತಸ್ತುಗಳಲ್ಲಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಅಲ್ಲಿ ಸಿದ್ಧಗೊಳಿಸುತ್ತಿದ್ದರು. ಸಂಜೆ ಒಂದು ತಾಸು ಮಕ್ಕಳ ಸಂದೇಹ ಪರಿಹರಿಸುವುದು ನನ್ನ ಕೆಲಸ.

ನಾನು ಹೇಳುತ್ತಿರುವ ಮನುಷ್ಯ ಅಲ್ಲಿನ ಭೌತಶಾಸ್ತ್ರದ ಮುಖ್ಯ ಅಧ್ಯಾಪಕ. ಆತನ ಪಾಠ ಪಾಠವಾಗಿರಲಿಲ್ಲ, ಭಜನೆಯಾಗಿತ್ತು. ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಕೈ ಎತ್ತುತ್ತಿದ್ದ. ಇಡೀ ಸಭಾಂಗಣ ಉಳಿದರ್ಧವನ್ನು ಒಕ್ಕೊರಲಿನಿಂದ ತುಂಬುತ್ತಿತ್ತು. “ಘರ್ಷಣೆ ಎತ್ತ?” ಎಂದು ಆತ ಕೇಳಿದರೆ, “ವೆನಕ್ಕಿ” ಎಂದು ಮಕ್ಕಳು ಕೂಗುತ್ತಿದ್ದರು. ತೆಲುಗಿನಲ್ಲಿ ಹಾಗೆಂದರೆ ಹಿಂದಕ್ಕೆ. ಬಂಡಿ ಮುಂದೆ ಹೋದರೆ ಘರ್ಷಣೆ ಹಿಂದಕ್ಕೆ, ಮನುಷ್ಯ ನಡೆದರೂ ಹಿಂದಕ್ಕೆ, ಸೈಕಲ್ಲು ತುಳಿದರೆ ಎರಡು ಚಕ್ರಗಳ ಮೇಲೆಯೂ ಹಿಂದಕ್ಕೆ. ಯೋಚಿಸುವವನು ಸಮಯ ಕಳೆದುಕೊಳ್ಳುತ್ತಾನೆ ಎಂಬುದು ಆತನ ಸಿದ್ಧಾಂತ.

ಆ ‘ಹಿಂದಕ್ಕೆ’ಯನ್ನು ಕಾಲೇಜಿನಲ್ಲಿ ನಾನೂ ಉರು ಹೊಡೆದಿದ್ದೆ. ಅದು ಮುರಿದದ್ದು ದಿಲ್‌ಸುಖ್‌ನಗರದ ನನ್ನ ಬಾಡಿಗೆ ಕೋಣೆಯ ಎದುರಿನ ಪಡಸಾಲೆಯಲ್ಲಿ. ಮನೆಯೊಡತಿ ಶಹಾಬಾದ್ ಕಲ್ಲಿನ ನೆಲಕ್ಕೆ ಸಾಬೂನು ನೀರು ಸುರಿದು ತೊಳೆಯುತ್ತಿದ್ದರು. ಅವಸರದಲ್ಲಿ ಹೊರಟ ನಾನು ಹೆಜ್ಜೆಯನ್ನು ಒತ್ತಿದೆ. ಒತ್ತಿದ ಪಾದ ಸರ್ರನೆ ಹಿಂದಕ್ಕೆ ಜಾರಿತು, ನಾನು ಮುಗ್ಗರಿಸಿ ಕಂಬ ಹಿಡಿದೆ. “ನಿಧಾನಮಮ್ಮಾ, ನೆಲಕ್ಕೇನು ಅವಸರವಿದೆಯೇ” ಎಂದು ಅವರು ತೆಲುಗಿನಲ್ಲಿ ಹೇಳಿ ನಕ್ಕರು. ನಾನು ಕಂಬ ಬಿಡಲಿಲ್ಲ. ಪಾದ ಹಿಂದಕ್ಕೆ ಜಾರಿತು. ಹಾಗಾದರೆ ಒಣ ನೆಲ ಜಾರಗೊಡದೆ ತಡೆಯುವಾಗ ನನ್ನ ಪಾದವನ್ನು ಯಾವ ಕಡೆಗೆ ತಳ್ಳುತ್ತದೆ? ಮುಂದಕ್ಕೆ. ಘರ್ಷಣೆ ವಿರೋಧಿಸುವುದು ಚಲನೆಯನ್ನಲ್ಲ, ಜಾರುವಿಕೆಯನ್ನು. ನಡೆಯುವುದೆಂದರೆ ನೆಲದಿಂದ ಮುಂದಕ್ಕೆ ದೂಡಿಸಿಕೊಳ್ಳುವುದು. ಇಷ್ಟು ವರ್ಷ ನೆಲ ನನ್ನನ್ನು ಹೊತ್ತು ನಡೆಸಿತ್ತು, ನಾನು ಅದನ್ನು ಅಡ್ಡಿಯೆಂದು ದೂರುತ್ತಿದ್ದೆ. ಕಣ್ಣಿನ ಪೊರೆ ತೆಗೆದ ದಿನ ರೋಗಿಗೆ ಹೇಗಾಗುತ್ತದೆಯೋ ಹಾಗಾಯಿತು.

ಮರುದಿನವೇ ಮುಖ್ಯ ಅಧ್ಯಾಪಕನ ಬಳಿಗೆ ಹೋಗಿ, ಸೈಕಲ್ಲಿನ ಹಿಂದಿನ ಚಕ್ರದ ವಿಷಯವನ್ನು ಖಾಸಗಿಯಾಗಿ, ವಿನಯದಿಂದ ಹೇಳಿದೆ. ಪೆಡಲು ತುಳಿದಾಗ ಆ ಚಕ್ರ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ, ಆದ್ದರಿಂದ ನಮ್ಮ ಕೇಂದ್ರದ ಉತ್ತರ ಪುಸ್ತಿಕೆಯಲ್ಲಿರುವುದು ತಪ್ಪು ಎಂದೆ. ಆತ ತಲೆಯಾಡಿಸಿ ಕೇಳಿಸಿಕೊಂಡ. ಬಳಿಕ ನನ್ನನ್ನು ತುಂಬಿದ ಸಭಾಂಗಣಕ್ಕೆ ಕರೆದೊಯ್ದು ವೇದಿಕೆಯ ಮೇಲೆ ನಿಲ್ಲಿಸಿದ.

“ಧಾರವಾಡದ ಮೇಡಂ ಗಾರು ಹೊಸ ಭೌತಶಾಸ್ತ್ರ ತಂದಿದ್ದಾರೆ. ನೆಲವೇ ಸೈಕಲ್ಲು ಓಡಿಸುತ್ತದಂತೆ. ಇನ್ನು ಪೆಡಲು ಯಾಕೆ ಬೇಕು? ನೆಲಕ್ಕೆ ನಮಸ್ಕಾರ ಮಾಡಿ ಕೂತರಾಯಿತು.”

ಮಕ್ಕಳು ನಕ್ಕರು. ಆತ ಕೈ ಎತ್ತಿದ. “ಘರ್ಷಣೆ ಎತ್ತ?”

“ವೆನಕ್ಕಿ.”

“ಮೇಡಂ, ಇದಿ ಡಿಬೇಟ್ ಕಾದು,” ಎಂದ, ಇದು ಚರ್ಚಾಕೂಟವಲ್ಲ ಎಂಬರ್ಥದಲ್ಲಿ. “ನಾಳೆ ಇವರೆಲ್ಲ ಕೊಂಡಾಪುರದಲ್ಲಿ ಕೀಬೋರ್ಡ್ ಒತ್ತುವವರು. ಅಲ್ಲಿ ಚಕ್ರ ಇರುವುದು ಕುರ್ಚಿಗೆ ಮಾತ್ರ.”

ವೇದಿಕೆ ಇಳಿಯುವಾಗ ನಾನು ನಿರ್ಧರಿಸಿದೆ: ಇದೇ ಸಭೆಯ ಎದುರು, ಇದೇ ಪ್ರಶ್ನೆಯ ಮೇಲೆ ಈ ಮನುಷ್ಯನ ಬಾಯಿ ಕಟ್ಟಬೇಕು. ಮಕ್ಕಳ ಹಿತಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡದ್ದು ಸುಳ್ಳಲ್ಲ. ಆದರೆ ಅದಕ್ಕಿಂತ ಮೊದಲು ಬಂದದ್ದು ಸೇಡು, ಮತ್ತು ಅದರ ರುಚಿ ಚೆನ್ನಾಗಿತ್ತು.

ಸಂದೇಹದ ತಾಸಿಗೆ ತಪ್ಪದೆ ಬರುತ್ತಿದ್ದವಳು ಒಬ್ಬಳೇ ಹುಡುಗಿ. ಬಿಜಾಪುರ ಕಡೆಯ ಕುಟುಂಬ. ತಂದೆ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಪಾಳಿಯ ಕೆಲಸಗಾರ, ಆಕೆ ಕೇಂದ್ರದ ಹಾಸ್ಟೆಲಿನಲ್ಲಿದ್ದಳು. ತಂದೆಯೊಡನೆ ಆಕೆಗೊಂದು ಒಪ್ಪಂದವಿತ್ತು. ಹೆಚ್ಚು ಅಂಕ ಪಡೆದವರ ‘ಮುಂದಿನ ಬ್ಯಾಚಿ’ನಲ್ಲಿ ಉಳಿದರೆ ಮೆಕ್ಯಾನಿಕಲ್ ಎಂಜಿನಿಯರಿಂಗಿಗೆ ಪ್ರಯತ್ನಿಸಬಹುದು. ಅಲ್ಲಿಂದ ಬಿದ್ದರೆ ಎಲ್ಲರಂತೆ ಅಮೀರ್‌ಪೇಟೆಯ ಕಂಪ್ಯೂಟರ್ ಕೋರ್ಸು. ಮುಂದಿನ ಬ್ಯಾಚಿಗೆ ಮಾತ್ರ ಪೂರ್ತಿ ಪಾಠ ನಡೆಯುತ್ತಿತ್ತು, ಉಳಿದವರಿಗೆ ಅರ್ಧ. ಆದ್ದರಿಂದ ಆ ಬೆಂಚಿನ ಜಾಗವೆಂದರೆ ಆಕೆಗೆ ಯಂತ್ರಗಳ ಲೋಕ.

ಒಂದು ಸಂಜೆ ಆಕೆಗೆ ಸಾಬೂನು ನೀರಿನ ಕಥೆ ಹೇಳಿದೆ. ಆಕೆ ತನ್ನ ಚಪ್ಪಲಿಯನ್ನು ನೋಡಿಕೊಂಡಳು. ಎದ್ದು ನಿಂತು, ಬಾಗಿಲತನಕ ಬಹಳ ನಿಧಾನವಾಗಿ, ಹೊಸದಾಗಿ ನಡೆಯಲು ಕಲಿತವಳಂತೆ ನಡೆದು ತಿರುಗಿದಳು.

“ಅಂದ್ರ ಮೇಡಂ, ನೆಲ ನನ್ನ ದೂಡಾಕತ್ತೈತಿ.”

“ಹೌದು.”

“ಹಂಗಾರ ಬಸ್ಸು?”

“ಬಸ್ಸೂ.”

“ರೈಲು?”

“ರೈಲೂ.”

“ಇಷ್ಟು ದಿನ ಯಾರೂ ಹೇಳಿಲ್ಲಲ್ರಿ,” ಎಂದು ನಕ್ಕಳು. ನನಗೆ ಕಂಬದ ಬಳಿ ಆದದ್ದು ಆ ಮುಖದಲ್ಲಿ ಆಗುತ್ತಿರುವುದನ್ನು ನಾನು ಕಂಡೆ. ಅಂಥ ಮುಖವನ್ನು ಒಮ್ಮೆ ಕಂಡವರು ಭಜನೆಯ ಕಡೆಗೆ ಮರಳಲಾರರು.

ಆ ಶನಿವಾರ ಕೇಂದ್ರವೇ ನಡೆಸಿದ ಪರೀಕ್ಷೆಯಲ್ಲಿ ಸೈಕಲ್ಲಿನ ಪ್ರಶ್ನೆಯೇ ಬಂತು. ಆಕೆ ಹಿಂದಿನ ಚಕ್ರಕ್ಕೆ ‘ಮುಂದಕ್ಕೆ’ ಎಂದು ಗುರುತು ಹಾಕಿದಳು. ಪುಸ್ತಿಕೆಯ ಪ್ರಕಾರ ತಪ್ಪಾದ ಆ ಒಂದು ಉತ್ತರದಿಂದ ಮುಂದಿನ ಬ್ಯಾಚಿನ ಗೆರೆಯ ಕೆಳಗೆ ಬಿದ್ದಳು.

ಗೆರೆಯ ಅಂಚಿನಲ್ಲಿ ಬಿದ್ದವರಿಗಾಗಿ ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಅದಕ್ಕೆ ‘ತಪ್ಪು ಮುಚ್ಚುವುದು’ ಎನ್ನುತ್ತಿದ್ದರು. ಭಾನುವಾರ ಬೆಳಗ್ಗೆ, ಪಾಲಕರು ಭೇಟಿಗೆ ಬರುವ ವೇಳೆಗೆ, ಅಂಥ ವಿದ್ಯಾರ್ಥಿ ಎಲ್ಲರೆದುರು ನಿಂತು ಪುಸ್ತಿಕೆಯ ಉತ್ತರವನ್ನು ಗಟ್ಟಿಯಾಗಿ ಹೇಳಬೇಕು. ಹೇಳಿದರೆ ತಪ್ಪು ಮುಚ್ಚಿತು, ಜಾಗ ಉಳಿಯಿತು. ಹೇಳದಿದ್ದರೆ ಚೀಲ ಎತ್ತಿಕೊಂಡು ಕೆಳಗಿನ ಅಂತಸ್ತಿನ ಬ್ಯಾಚಿಗೆ. ಈ ಪದ್ಧತಿಯನ್ನು ಹುಟ್ಟುಹಾಕಿದವನು ಆತನೇ. ಅದನ್ನು ದಯೆಯೆಂದು ಕರೆಯುತ್ತಿದ್ದ.

ನನಗೆ ಬೇಕಾಗಿದ್ದ ವೇದಿಕೆ ತಾನಾಗಿ ಸಿಕ್ಕಿತು. ಹಿಂದಿನ ಸಂಜೆ ಆಕೆಗೆ ಹೇಳಿದೆ: “ನೀನೇನೂ ಮಾತನಾಡಬೇಡ. ನೆಲವೇ ಮಾತನಾಡುತ್ತದೆ.”

ಭಾನುವಾರ ಬೆಳಗ್ಗೆ ಸೈಕಲ್ಲುಗಳನ್ನು ನಿಲ್ಲಿಸುವ ಅಂಗಳಕ್ಕೆ ಎಲ್ಲರನ್ನೂ ಕರೆಸಿದೆ. ಒಂದು ಸೈಕಲ್ಲನ್ನು ಇಬ್ಬರು ವಿದ್ಯಾರ್ಥಿಗಳು ಅಲುಗದಂತೆ ಹಿಡಿದರು. ಹಿಂದಿನ ಚಕ್ರದ ಕೆಳಗೆ, ನೆಲದ ಮೇಲೆ ಸಾಲಾಗಿ ದುಂಡು ಪೆನ್ಸಿಲುಗಳು. ಅವುಗಳ ಮೇಲೆ ಮರಳು ಹರಡಿದ ತಗಡಿನ ತಟ್ಟೆ. ತಟ್ಟೆಯನ್ನು ಒತ್ತುವಂತೆ ಚಕ್ರ. ಮುಖ್ಯ ಅಧ್ಯಾಪಕ ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದ.

“ಮಾನ್ಯರೇ,” ಎಂದು ನಾನು ಆರಂಭಿಸಿದೆ, “ಪೆಡಲು ತುಳಿದಾಗ ಈ ಚಕ್ರ ತಟ್ಟೆಯನ್ನು ಎತ್ತ ತಳ್ಳುತ್ತದೆಂದು ಮೊದಲೇ ಹೇಳಿಬಿಡಿ. ನಿಮ್ಮ ಪುಸ್ತಿಕೆಯಂತೆ ನೆಲ ಚಕ್ರವನ್ನು ಹಿಂದಕ್ಕೆ ಎಳೆಯುವುದಾದರೆ, ತಟ್ಟೆ ಮುಂದಕ್ಕೆ ಹೋಗಬೇಕು.”

“ಮಾಡಿ ಮೇಡಂ. ಭಾನುವಾರದ ಮನರಂಜನೆ.”

ನಾನು ಪೆಡಲನ್ನು ಕೈಯಿಂದ ಬಲವಾಗಿ ತಿರುಗಿಸಿದೆ. ಮರಳು ಹಿಂದಕ್ಕೆ ಚಿಮ್ಮಿತು. ತಟ್ಟೆ ಪೆನ್ಸಿಲುಗಳ ಮೇಲೆ ಉರುಳಿ ಹಿಂದಿನ ಗೋಡೆಗೆ ಬಡಿಯಿತು. ತಟ್ಟೆಯನ್ನು ಹಿಂದಕ್ಕೆ ತಳ್ಳಿದ ಚಕ್ರವನ್ನು ತಟ್ಟೆ ಮುಂದಕ್ಕೆ ತಳ್ಳಲೇಬೇಕು. ಇದನ್ನು ವಿವರಿಸುವ ಅಗತ್ಯವೂ ಬೀಳಲಿಲ್ಲ.

ಆಗ ನಾನು ಎಣಿಸಿರದಿದ್ದ ಸಂಗತಿ ನಡೆಯಿತು. ಆತ ಮೆಟ್ಟಿಲಿಳಿದು ಬಂದ. ತಟ್ಟೆಯನ್ನು ಮತ್ತೆ ಜೋಡಿಸಿ, ಕುಕ್ಕರಗಾಲಲ್ಲಿ ಕುಳಿತು, ತಾನೇ ಪೆಡಲು ತಿರುಗಿಸಿದ. ತಟ್ಟೆ ಮತ್ತೆ ಹಿಂದಕ್ಕೆ ಹೋಯಿತು. ಆತನ ತುಟಿ ಸ್ವಲ್ಪ ತೆರೆಯಿತು, ಹುಬ್ಬು ಸಡಿಲವಾಯಿತು. ಹುಡುಗಿಯ ಮುಖದಲ್ಲಿ ನಾನು ಕಂಡಿದ್ದ ಬೆಳಕು ಆ ಮುಖದಲ್ಲಿಯೂ ಬಂತು. ಆತನಿಗೆ ಅರ್ಥವಾಗಿತ್ತು. ಆ ಕ್ಷಣದಲ್ಲಿ ಆತ ಒಂದು ಮಾತು ಆಡಿದ್ದರೆ, ಇಂದು ನಾನು ಆತನನ್ನು ಬಹುವಚನದಲ್ಲಿಯೇ ಕರೆಯುತ್ತಿದ್ದೆ.

ಆತ ಎದ್ದು ಅಂಗೈಯ ಮರಳನ್ನು ಕೊಡವಿಕೊಂಡ. “ಚೆನ್ನಾಗಿದೆ. ಈಗ ತಪ್ಪು ಮುಚ್ಚೋಣ.” ಹುಡುಗಿಯ ಕಡೆಗೆ ತಿರುಗಿದ. “ಹೇಳಮ್ಮ. ಹಿಂದಿನ ಚಕ್ರ. ಘರ್ಷಣೆ ಎತ್ತ?”

ಅದುವರೆಗೆ ನಾನು ಆತನನ್ನು ಅಜ್ಞಾನಿಯೆಂದು ದ್ವೇಷಿಸಿದ್ದೆ. ಅಜ್ಞಾನಕ್ಕೆ ಔಷಧವುಂಟು. ಅರಿತ ಮೇಲೂ, ಇನ್ನೂ ಕೈಗೆ ಮರಳಿನ ಕಣ ಅಂಟಿರುವಾಗಲೇ, ಮಗುವಿನ ಬಾಯಿಂದ ಸುಳ್ಳು ಹೇಳಿಸಲು ನಿಂತವನಿಗೆ ಯಾವ ಔಷಧ?

“ನೀವೀಗ ನೋಡಿದಿರಿ,” ಎಂದೆ.

“ನೋಡಿದೆ. ಪರೀಕ್ಷೆಗೆ ತಟ್ಟೆ ತರಲಾಗುವುದಿಲ್ಲ ಮೇಡಂ, ಪುಸ್ತಿಕೆ ಮಾತ್ರ ತಲೆಯಲ್ಲಿ ಬರುತ್ತದೆ.”

ಹುಡುಗಿಯ ತಂದೆ ಜನರ ನಡುವಿನಿಂದ ಮುಂದೆ ಬಂದರು. ರಾತ್ರಿ ಪಾಳಿ ಮುಗಿಸಿ ಎರಡು ಬಸ್ಸು ಬದಲಿಸಿ ಬಂದಿದ್ದ ಅವರ ಕಣ್ಣುಗಳು ಕೆಂಪಾಗಿದ್ದವು. “ಸರ ಏನ್ ಅಂತಾರ ಅದನ್ನ ಅಂದುಬಿಡವಾ. ಅಂದ್ರ ಏನ್ ಸವಿತೈತಿ? ಮುಂದ ಕುಂದ್ರತಿ.” ನನ್ನ ಕಡೆ ತಿರುಗಿ ಕೈಮುಗಿದರು. “ಮೇಡಮ್ಮಾರ, ನಿಮ್ಮ ಜಗಳಾ ನಿಮ್ಮಲ್ಲೇ ಇರ್ಲಿರಿ. ಇಕಿನ್ನ ನಡುವ ತರಬ್ಯಾಡ್ರಿ.”

ಹುಡುಗಿ ನನ್ನನ್ನು ನೋಡಲಿಲ್ಲ. ಆತನ ಮುಖವನ್ನೇ ನೇರವಾಗಿ ನೋಡಿದಳು. ಬಸ್ಸಿನಲ್ಲಿ ಟಿಕೆಟ್ಟು ಕೇಳುವಷ್ಟು ಸಹಜ ಸ್ವರದಲ್ಲಿ, “ವೆನಕ್ಕಿ, ಸರ್,” ಎಂದಳು.

ಕಣ್ಣು ಮೊದಲು ತಗ್ಗಿದ್ದು ಆತನದು. “ಕೂತುಕೋ,” ಎಂದು ಹೇಳಿ ಮೆಟ್ಟಿಲೇರಿ ಹೋದ. ತಪ್ಪು ಮುಚ್ಚಿತ್ತು. ನಾನು ಗೋಡೆಯ ಬಳಿ ಬಿದ್ದಿದ್ದ ತಟ್ಟೆಯನ್ನು ಎತ್ತಿಕೊಂಡೆ.

ತಂದೆ ಊಟದ ಡಬ್ಬಿ ತರಲು ಹೋದಾಗ ಆಕೆ ನನ್ನ ಬಳಿ ಬಂದಳು. “ಸಿಟ್ಟಾಗೇರೇನ್ರಿ?”

“ನಿನ್ನ ಮೇಲಲ್ಲ. ಆದರೆ ನೀನು ‘ಮುಂದಕ್ಕೆ’ ಎಂದಿದ್ದರೆ ಆತ ಅಲ್ಲಿಯೇ ಸೋಲುತ್ತಿದ್ದ.”

“ನೀವು ಗೆಲ್ಲಾಕ ನಿಂತಿದ್ರಿ ಮೇಡಂ. ನಾ ಓದಾಕ ನಿಂತೀನಿ.” ಮರಳನ್ನು ಕಾಲ ತುದಿಯಿಂದ ಒಟ್ಟು ಮಾಡಿದಳು. “ಅವರಿಗೆ ತಿಳದೈತಿ. ನನಗ ತಿಳದೈತಿ ಅನ್ನೋದೂ ಅವರಿಗೆ ತಿಳದೈತಿ. ದಿನಾ ಎದುರಿಗೇ ಕುಂದರತೀನಿ. ನೋಡ್ಲಿ.”

ಚರ್ಚಾಕೂಟದಲ್ಲಿ ನಾನು ಅನೇಕ ಪದಕಗಳನ್ನು ಗೆದ್ದಿದ್ದೆ. ಇಷ್ಟು ಅಚ್ಚುಕಟ್ಟಾದ ಸೇಡಿನ ಯೋಜನೆ ನನಗೆ ಎಂದೂ ಹೊಳೆದಿರಲಿಲ್ಲ.

ಆ ದಿನ ರಾಜೀನಾಮೆ ಕೊಡುವ ನಿರ್ಧಾರ ಮಾಡಿದ್ದೆ. ಕೊಡಲಿಲ್ಲ. ಬದಲಿಗೆ, ಎಲ್ಲರಿಗಿಂತ ಕೆಳಗಿನ ಬ್ಯಾಚನ್ನು ನನಗೆ ವಹಿಸಬೇಕೆಂದು ಕೇಳಿಕೊಂಡೆ. ನನಗೆ ಶಿಕ್ಷೆಯಾಯಿತೆಂದು ಆತ ಸಂತೋಷದಿಂದಲೇ ಒಪ್ಪಿದ. ಆ ಕೋಣೆಯಲ್ಲಿ ಯಾರೂ ಒಕ್ಕೊರಲಿನಿಂದ ಉತ್ತರಿಸಕೂಡದೆಂಬುದು ನನ್ನ ಮೊದಲ ನಿಯಮ. ಪ್ರತಿಯೊಂದು ಸೂತ್ರವನ್ನೂ ನೆಲಕ್ಕೆ, ಹಗ್ಗಕ್ಕೆ, ನೀರಿಗೆ ಮುಟ್ಟಿಸಿ ನೋಡಿದೆವು. ಪಾಠ ನಿಧಾನವಾಗಿ ಸಾಗುತ್ತಿತ್ತು. ವ್ಯವಸ್ಥಾಪಕರಿಂದ ಬೈಗುಳ ತಿಂದೆ. ಪ್ರತಿ ಬೈಗುಳವನ್ನೂ ನಾನು ಆತನ ಲೆಕ್ಕಕ್ಕೇ ಸೇರಿಸಿದೆ.

ಕೆಲವು ದಿನಗಳ ಬಳಿಕ ಮಧ್ಯಾಹ್ನದ ಬಿಡುವಿನಲ್ಲಿ ಆ ಹುಡುಗಿ ಡಬ್ಬಿ ಹಿಡಿದುಕೊಂಡು ನಮ್ಮ ಕೋಣೆಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತಳು. “ಮುಂದಿನ ಚಕ್ರ ಯಾಕ ತಿರಗತೈತಿ ಮೇಡಂ? ಅದಕ್ಕ ಸರಪಳಿ ಇಲ್ಲಲ್ಲ,” ಎಂದಳು. ಆ ಪ್ರಶ್ನೆಯನ್ನು ಮುಂದಿನ ಬ್ಯಾಚಿನಲ್ಲಿ ಕೇಳುವಂತಿರಲಿಲ್ಲ. ಮರುದಿನ ಇನ್ನಿಬ್ಬರನ್ನು ಕರೆತಂದಳು. ಆಮೇಲೆ ಬಂದವರಿಗೆ ಬೆಂಚು ಸಾಲದೆ ಕಿಟಕಿಯ ಕಟ್ಟೆಯ ಮೇಲೆ ಕುಳಿತರು. ಅನ್ನ ಕಲಸುತ್ತ, ಜಗಳವಾಡುತ್ತ, ಒಬ್ಬರ ಉತ್ತರವನ್ನು ಇನ್ನೊಬ್ಬರು ಕೆಡವುತ್ತ. ಮುಂದಿನ ಬ್ಯಾಚಿನ ಆ ಸ್ಥಾನವನ್ನು ಆಕೆ ಪ್ರವೇಶ ಪರೀಕ್ಷೆಯತನಕ ಬಿಟ್ಟುಕೊಡಲಿಲ್ಲ. ಮೆಕ್ಯಾನಿಕಲ್ ವಿಭಾಗಕ್ಕೇ ಸೇರಿದಳು.

ಒಂದು ಮಧ್ಯಾಹ್ನ ಹೊರಗಿನ ಮೊಗಸಾಲೆಯಲ್ಲಿ ಆತ ನಿಂತಿದ್ದ. ತನ್ನ ಬ್ಯಾಚಿನ ಮಕ್ಕಳು ಅಲ್ಲಿ ಕುಳಿತಿರುವುದನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ ತಿಳಿಯದು. ಕಿಟಕಿಯ ಬಳಿಯ ಒಬ್ಬಳು ಎದ್ದು, “ಬಾಗಿಲು ಹಾಕಲೇ ಮೇಡಂ?” ಎಂದು ಪಿಸುಗುಟ್ಟಿದಳು.

“ಬೇಡ,” ಎಂದೆ, ಆತನಿಗೆ ಕೇಳಿಸುವಷ್ಟು ಸ್ಪಷ್ಟವಾಗಿ. “ಪೂರ್ತಿ ತೆರೆದಿಡು.”