ಸೊಂಟಕ್ಕಲ್ಲ, ಕೆಳಗೆ ಕಟ್ಟು

ಹೆಸರಘಟ್ಟ ರಸ್ತೆಯ ನಮ್ಮ ಸಣ್ಣ ಆಸ್ಪತ್ರೆಯ ತುರ್ತು ಕೋಣೆಯಲ್ಲಿ ನಾನು ಡಾಕ್ಟರ್. ಅಪಘಾತದವರು ಬಂದಾಗ ಕೂಗಾಡುವವರಿಗಿಂತ ಸುಮ್ಮನೆ ಮಲಗಿದವರನ್ನು ಮೊದಲು ನೋಡುತ್ತೇನೆ. ಕೂಗಾಡಲು ಉಸಿರು ಬೇಕಲ್ಲ.

ಆ ಮಧ್ಯಾಹ್ನ ಆಟೊದಲ್ಲಿ ಬಂದ ಗಂಡ ಹೆಂಡತಿಯರಲ್ಲಿ ಕೂಗಾಡುತ್ತಿದ್ದವನು ಗಂಡ. ಹಣೆ ಒಡೆದು ಮುಖವೆಲ್ಲ ರಕ್ತ. ಜೊತೆಗೆ ಬಂದವರೆಲ್ಲ ಅವನನ್ನೇ ಮುತ್ತಿಕೊಂಡಿದ್ದರು. ಬೈಕಿನ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕುಳಿತಿದ್ದ ಹೆಂಡತಿಗೆ ಟೆಂಪೊ ಗುದ್ದಿತ್ತು. ಅವಳ ಮೈಮೇಲೆ ಒಂದೆರಡು ತರಚುಗಾಯ ಬಿಟ್ಟರೆ ರಕ್ತವೇ ಕಾಣಲಿಲ್ಲ. "ನೀರು" ಎಂದಷ್ಟೇ ಅನ್ನುತ್ತಿದ್ದಳು. ಯಾರೋ ಪುಣ್ಯಾತ್ಮ ಬಾಟಲಿ ಹಿಡಿದು ಅವಳ ತಲೆ ಎತ್ತಲು ಹೊರಟಿದ್ದ.

"ಕೈ ತೆಗೀರಿ! ಕತ್ತು ಅಲ್ಲಾಡಿಸ್ಬೇಡಿ, ನೀರೂ ಬೇಡ. ಎಲ್ರೂ ಹೊರಗೆ!"

ನನ್ನ ಗಂಟಲು ದೊಡ್ಡದು. ಮನೆಯಲ್ಲಿ ಅದಕ್ಕೆ ಬೈಗುಳ, ಇಲ್ಲಿ ಮಾತ್ರ ಬೆಲೆ.

ಕತ್ತಿಗೆ ಪಟ್ಟಿ ಹಾಕಿ ಆಕ್ಸಿಜನ್ ಹಚ್ಚಿದೆವು. ಎದೆಯ ಎರಡೂ ಬದಿ ಉಸಿರು ಸರಿಯಾಗಿ ಆಡುತ್ತಿತ್ತು. ಆದರೆ ಕೈ ತಣ್ಣಗೆ, ನಾಡಿ ಓಟ ಕಿತ್ತಿತ್ತು. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿತ್ತು. ಸೊಂಟದ ಕೆಳಗೆ ಬಳೆಯಂತಿರುವ ಮೂಳೆ ಒಡೆದಿದೆ ಎಂದು ಗೊತ್ತಾಯಿತು. ಅದು ಒಡೆದರೆ ರಕ್ತ ಒಳಗೊಳಗೇ ಸೋರಿ ತುಂಬುತ್ತದೆ. ಸುತ್ತ ಬಿಗಿಯಾಗಿ ಕಟ್ಟಿದರೆ ತಕ್ಕಮಟ್ಟಿಗೆ ತಡೆಯಬಹುದು. ನಮ್ಮಲ್ಲಿ ಕೊಡಲು ರಕ್ತವಿಲ್ಲ. ಹೆಬ್ಬಾಳದ ಕಡೆಯ ದೊಡ್ಡ ಆಸ್ಪತ್ರೆ ತಲುಪುವ ತನಕ ಅವಳ ಜೀವ ನಿಲ್ಲಬೇಕು, ಅಷ್ಟೇ.

ಬಾಗಲಕೋಟೆ ಕಡೆಯ ನಮ್ಮ ನರ್ಸ್ ಬೆಡ್‌ಶೀಟ್ ಮಡಚಿ, ಅವಳ ಕೆಳಗೆ ತೂರಿಸಿ, ಚಕಚಕನೆ ಗಂಟು ಹಾಕಿದಳು. ನಾನು ಸಲೈನ್ ಏರಿಸುತ್ತಿದ್ದೆ.

"ಮೇಡಂ, ಬಿಪಿ ಇನ್ನೂ ಇಳಿಲಾಕತ್ತೈತ್ರಿ."

ತಿರುಗಿ ನೋಡಿದೆ. ಕಟ್ಟು ಹೊಟ್ಟೆಯ ಮೇಲಿತ್ತು. ಹೆರಿಗೆಯಾದವರ ಹೊಟ್ಟೆಗೆ ಹಳೆ ಸೀರೆ ಸುತ್ತಿ ಬಿಗಿಯುವುದನ್ನು ನೋಡುತ್ತ ಬೆಳೆದವಳು ನಮ್ಮ ನರ್ಸ್. ಗಾಬರಿಯಲ್ಲಿ ಕೈ ತಾನಾಗಿ ಅಲ್ಲಿಗೇ ಹೋಗಿತ್ತು.

"ಬಾಣಂತಿಗೆ ಕಟ್ಟಿದ ಹಾಗೆ ಕಟ್ಟಿದ್ದೀಯಲ್ಲೇ! ಕೆಳಗೆ ಬರ್ಬೇಕು, ತೊಡೆ ಶುರುವಾಗೋ ಕಡೆ. ಬಿಚ್ಚು!"

ಮೂಲೆಯಲ್ಲಿ ಹಣೆಗೆ ಬಟ್ಟೆ ಒತ್ತಿಕೊಂಡಿದ್ದ ಗಂಡ ಮೊದಲ ಸಲ ಮೆಲ್ಲಗೆ ಮಾತಾಡಿದ. "ಅವ್ಳು ಬಾಣಂತಿನೇ ಕಣ್ರವ್ವ. ಮೂರ್ ತಿಂಗ್ಳು ಕೂಸೈತೆ. ನಮ್ಮವ್ವನ್ ತಾವ ಬಿಟ್ಟು ಬಂದಿದ್ವಿ."

ಅವಳ ರವಿಕೆ ಎದೆಯ ಬಳಿ ಒದ್ದೆಯಾಗಿತ್ತು. ರಕ್ತ ಹುಡುಕುತ್ತಿದ್ದ ನನ್ನ ಕಣ್ಣಿಗೆ ಅದು ಬೆವರಾಗಿ ಕಂಡಿತ್ತು. ಹಾಲು.

ನರ್ಸ್ ಒಂದು ತುದಿ, ನಾನೊಂದು ತುದಿ ಹಿಡಿದು ಸರಿಯಾದ ಜಾಗದಲ್ಲಿ ಜಗ್ಗಿ ಕಟ್ಟಿದೆವು. ಬಾಣಂತಿ ಚೀರಿದಳು. ಚೀರುವಷ್ಟು ಶಕ್ತಿ ಉಳಿದಿದೆಯಲ್ಲ ಎಂದು ಖುಷಿಯಾಯಿತು. ಮಂಡಿಗಳನ್ನೂ ಜೋಡಿಸಿ ಕಟ್ಟಿದೆವು. ಬಿಪಿ ಇಳಿಯುವುದು ನಿಂತಿತು, ಏರಲಂತೂ ಇಲ್ಲ.

ರಕ್ತ ಸಿದ್ಧ ಇಡಿ ಎಂದು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಆಂಬ್ಯುಲೆನ್ಸಿನಲ್ಲಿ ನಾನೇ ಹೊರಟೆ. ಗಂಗಮ್ಮನ ಗುಡಿ ಸರ್ಕಲ್ಲಿನಲ್ಲಿ ಬಸ್ಸೊಂದು ಅಡ್ಡ ನಿಂತಿತ್ತು. ಸೈರನ್ ಎಷ್ಟು ಬಾಯಿ ಬಡಿದುಕೊಂಡರೂ ಜಗ್ಗಲಿಲ್ಲ. ಅವಳ ಕಣ್ಣು ಮುಚ್ಚತೊಡಗಿದವು.

"ಏಯ್, ಕೂಸು ಗಂಡೋ ಹೆಣ್ಣೋ? ಹೇಳು!" ಕೆನ್ನೆ ತಟ್ಟಿದೆ.

"ಎಣ್ಣು." ಸ್ವಲ್ಪ ತಡೆದು, "ಅಸಿವಾಗಿರ್ತದೆ ಅದ್ಕೆ."

ದೇವರನ್ನು ಅಷ್ಟಾಗಿ ನೆನೆಯದ ನಾನು ಆ ಸರ್ಕಲ್ಲಿನಲ್ಲಿ ಗಂಗಮ್ಮನನ್ನೂ ಬೇಡಿಕೊಂಡೆ, ಬಸ್ಸಿನವನನ್ನೂ ಶಪಿಸಿದೆ. ದೊಡ್ಡ ಆಸ್ಪತ್ರೆ ತಲುಪಿದ ಕೂಡಲೇ ಅಲ್ಲಿನ ಡಾಕ್ಟರೊಬ್ಬರು ಗಂಟಿಗೆ ಕೈ ಹಾಕಿದರು. ರಕ್ತ ಏರುವವರೆಗೆ ಬಿಚ್ಚಬೇಡಿ ಎಂದು ಅವರ ಕೈ ಹಿಡಿದುಕೊಂಡೆ. ಅವರು ಬೇಸರಿಸಿಕೊಳ್ಳಲಿಲ್ಲ.

ಬದುಕಿದಳು. ಎಷ್ಟೋ ತಿಂಗಳ ಮೇಲೆ ವಾಕರ್ ಹಿಡಿದು ನಮ್ಮಲ್ಲಿಗೆ ಬಂದಳು. ಹಿಂದೆ ಅತ್ತೆ, ಅತ್ತೆಯ ಕಂಕುಳಲ್ಲಿ ಮಗು. ಕುರ್ಚಿಯಲ್ಲಿ ಕೂತು ಮಗುವನ್ನು ಮಡಿಲಿಗೆ ಹಾಕಿಸಿಕೊಂಡಳು. ಅದು ಕಿಟಾರನೆ ಕಿರುಚಿ ಅಜ್ಜಿಯ ಕಡೆ ಕೈ ಚಾಚಿತು. ಅವಳು ಆಸ್ಪತ್ರೆಯಲ್ಲಿದ್ದಾಗ ಹಾಲು ಬತ್ತಿತ್ತು, ಮಗುವಿಗೆ ತಾಯಿಯ ಗುರುತೂ ತಪ್ಪಿತ್ತು. ನನಗೆ ನೋಡಲಾಗಲಿಲ್ಲ.

"ಅಜ್ಜಿ ಕೈಗೆ ಕೊಟ್ಬಿಡಮ್ಮ," ಎಂದೆ.

ಅವಳು ಮಗುವನ್ನು ಇನ್ನಷ್ಟು ಅವಚಿಕೊಂಡಳು. "ಅಳ್ಲಿ ಬಿಡಿ ಡಾಕ್ಟ್ರಮ್ಮ. ಕೇಳಕ್ಕೆ ನಾನಿದೀನಲ್ಲ."