ಎಡಕ್ಕೆ ಒರಗಿದ ತಾರೀಖು

ಅವಳ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಎಸಳಾಗಿ ಬೆಳೆಯುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪನ ತೋಟದಲ್ಲಿ ಬಳ್ಳಿ ಸವರುವಾಗ ಕತ್ತರಿ ಜಾರಿ ಆದ ಗಾಯವಂತೆ. ಆ ಉಗುರಿನಿಂದಲೇ ಕಂಪ್ಯೂಟರಿನ ಪರದೆಯನ್ನು ಟಕ್ ಟಕ್ ಎಂದು ಕುಟ್ಟಿ, “ಇಲ್ನೋಡಕ್ಕಾ” ಎನ್ನುತ್ತಿದ್ದಳು. ಆ ಸದ್ದಿಗೇ ನನ್ನ ಮೈ ಉರಿಯುತ್ತಿತ್ತು. ಅವಳು ಕುಟ್ಟಿದ ಕಡೆ ಪ್ರತಿ ಸಲವೂ ನನ್ನದೊಂದು ತಪ್ಪು ಇದ್ದೇ ಇರುತ್ತಿತ್ತು.

ಅವಳು ನನ್ನ ಓರಗಿತ್ತಿ, ಮೈದುನನ ಹೆಂಡತಿ. ತಮಿಳುನಾಡಿನ ಕಂಬಂನ ನಮ್ಮ ಮನೆಗೆ ನಾನು ಸೊಸೆಯಾಗಿ ಬಂದು ಆರು ವರ್ಷವಾದ ಮೇಲೆ ಪಳನಿ ಕಡೆಯ ಹಳ್ಳಿಯಿಂದ ಬಂದಳು. ನಾನು ದಿಂಡಿಗಲ್ ಪೇಟೆಯಲ್ಲಿ ಬೆಳೆದವಳು. ಮನೆಮಾತು ಕನ್ನಡವಾದರೂ ಬಾಯಿ ತೆರೆದರೆ ಮುಕ್ಕಾಲು ಪಾಲು ತಮಿಳೇ ಬರುತ್ತಿತ್ತು. ಅವಳದು ಹಾಗಲ್ಲ. ಬಂದ ವಾರದಲ್ಲೇ ಅತ್ತೆ ನೆರೆಯವರಿಗೆಲ್ಲ ಹೇಳಿದರು: “ಚಿಕ್ಕೋಳು ಮಾತಾಡಿದ್ರೆ ಸತ್ತೋದ ನಮ್ಮವ್ವನೇ ಎದ್ದು ಬಂದು ಮಾತಾಡ್ದಂಗೆ ಇರ್ತದೆ.” ನಾನು ಅಲ್ಲೇ ಸೊಪ್ಪು ಸೋಸುತ್ತಾ ಕುಳಿತಿದ್ದೆ. ಆರು ವರ್ಷದಲ್ಲಿ ಅತ್ತೆ ನನ್ನ ಬಗ್ಗೆ ಅಂಥದ್ದೊಂದು ಮಾತು ಆಡಿದ್ದು ನನಗೆ ನೆನಪಿಲ್ಲ.

ನನ್ನದೆಂದು ಉಳಿದಿದ್ದದ್ದು ಕೆಲಸವೊಂದೇ. ಊರ ಹೊರಗಿನ ದ್ರಾಕ್ಷಿ ಕಂಪನಿಯಲ್ಲಿ ರಿಪೋರ್ಟು ತಯಾರಿಸುವವಳು ನಾನು. ಯಾವ ತೋಟಕ್ಕೆ ಯಾವತ್ತು ಮದ್ದು ಹೊಡೆದರು ಎಂದು ರೈತರು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಅದು ಕಂಪ್ಯೂಟರಿಗೆ ಏರುತ್ತದೆ. ಮದ್ದು ಹೊಡೆದು ಇಪ್ಪತ್ತೊಂದು ದಿನ ಕಳೆದ ತೋಟಗಳ ಪಟ್ಟಿಯನ್ನು ನಾನು ತೆಗೆದು ಕೊಡಬೇಕು. ಆ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಗೊನೆಗೆ ಕತ್ತರಿ. ಅಷ್ಟು ಜನರ ಕೆಲಸ ನನ್ನ ಒಂದು ಹಾಳೆಯ ಮೇಲೆ ನಿಂತಿದೆಯೆಂದು ನನಗೆ ಬಹಳ ಹೆಮ್ಮೆಯಿತ್ತು. ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಖಾಲಿಯಾದಾಗ ಮನೆಯವರೆಲ್ಲ ಸೇರಿ ಓರಗಿತ್ತಿಯನ್ನು ಅಲ್ಲಿಗೇ ಸೇರಿಸಿದರು. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ.

ಆರು ತಿಂಗಳಲ್ಲಿ ರೈತರೆಲ್ಲ ಅವಳ ಕಡೆಯವರಾದರು. ನಮ್ಮ ಕಡೆಯ ಮುದುಕರು ಇಂಗ್ಲಿಷ್ ತಿಂಗಳು ಹೇಳುವುದಿಲ್ಲ, ತಮಿಳು ತಿಂಗಳು ಹಿಡಿದು “ಆಡಿ ಇಪ್ಪತ್ತಕ್ಕೆ ಹೊಡ್ದೆ” ಎನ್ನುತ್ತಾರೆ. ನಾನು ರೇಗಿ, ಸರಿಯಾಗಿ ಬರೆದು ತನ್ನಿ ಎಂದು ವಾಪಸು ಕಳಿಸುತ್ತಿದ್ದೆ. ಅವಳು ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಆಡಿ ಇಪ್ಪತ್ತು ಎಂದರೆ ಆಗಸ್ಟ್ ಐದು ಎಂದು ತಾನೇ ಹೊಂದಿಸಿಕೊಂಡು, ಅವರ ಸೊಂಟನೋವಿನ ಸುದ್ದಿಯನ್ನೂ ಕೇಳಿ ಕಳಿಸುತ್ತಿದ್ದಳು.

ಆ ಆಗಸ್ಟಿನಲ್ಲಿ ನನ್ನ ಮೇಜಿಗೆ ಹೊಸ ಕಂಪ್ಯೂಟರ್ ಬಂತು. ಎಂಟನೇ ತಾರೀಖಿನ ಮಧ್ಯಾಹ್ನ ಪಟ್ಟಿ ತೆಗೆದೆ. ಅವಳು ನನ್ನ ಹಿಂದೆ ಬಂದು ನಿಂತಳು. ಟಕ್ ಟಕ್.

“ಇಲ್ನೋಡಕ್ಕಾ. ಕೆಲವು ತೇದಿ ಬಲಕ್ಕೆ ನಿಂತವೆ, ಕೆಲವು ಎಡಕ್ಕೆ ಒರಗವೆ. ಎಡಕ್ಕೆ ಒರಗಿದ್ದು ತೇದಿ ಅಲ್ಲ, ಬರೀ ಅಕ್ಷರ. ಹನ್ನೆರಡು ದಾಟಿದ್ದೆಲ್ಲ ಅಕ್ಷರ ಆಗೋಗದೆ. ಹನ್ನೆರಡರ ಒಳಗಿನವು ತಿರುಗಾ ಮುರುಗಾ ಆಗಿರಬೋದು.”

ಅವಳು ಹೇಳಿದ್ದು ಇಷ್ಟೇ. ಹೊಸ ಕಂಪ್ಯೂಟರಿನಲ್ಲಿ ಅಮೆರಿಕದವರ ರೀತಿ ಇತ್ತು: ಮೊದಲು ತಿಂಗಳು, ಆಮೇಲೆ ದಿನ. ಐದನೇ ದಿನ ಎಂಟನೇ ತಿಂಗಳು ಎಂದು ಏರಿಸಿದ್ದನ್ನು ಅದು ಮೇ ಎಂಟು ಎಂದು ಓದುತ್ತಿತ್ತು. ಹದಿಮೂರನೇ ತಿಂಗಳು ಎಂಬುದಿಲ್ಲವಲ್ಲ, ಹಾಗಾಗಿ ಹದಿಮೂರರಿಂದ ಮುಂದಿನ ದಿನಗಳನ್ನು ತಾರೀಖೆಂದೇ ಒಪ್ಪದೆ ಬರಿಯ ಅಕ್ಷರವೆಂದು ಬದಿಗಿಡುತ್ತಿತ್ತು. ಇದೆಲ್ಲ ನನಗೆ ಈಗ ಗೊತ್ತು. ಆವತ್ತು ನನಗೆ ಕಂಡದ್ದು ಒಂದೇ, ಮ್ಯಾನೇಜರು ಪಕ್ಕದ ಮೇಜಿನಲ್ಲೇ ಕುಳಿತಿದ್ದರು. ಅವರಿಗೆ ಅರ್ಥವಾಗಬಾರದೆಂದೇ ಅವಳು ಕನ್ನಡದಲ್ಲಿ ಮೆಲ್ಲಗೆ ಹೇಳಿದ್ದಳು. ನಾನು ಅವರಿಗೂ ಕೇಳುವಂತೆ ತಮಿಳಿನಲ್ಲಿ ಗದರಿಸಿದೆ: “ಉನ್ ವೇಲೈಯ ಪಾರು.” ನಿನ್ನ ಕೆಲಸ ನೋಡು ಎಂದು.

ಪಟ್ಟಿ ಹೋಯಿತು. ಮರುದಿನ ಬೆಳಿಗ್ಗೆ ಒಬ್ಬ ಮುದುಕರ ತೋಟದ ಹಣ್ಣು ಕೊಯ್ದು ತಂದರು. ಅವರು ಮದ್ದು ಹೊಡೆದದ್ದು ಐದನೇ ತಾರೀಖು. ನನ್ನ ಪಟ್ಟಿಯ ಪ್ರಕಾರ ಮೂರು ತಿಂಗಳಾಗಿತ್ತು. ಕ್ರೇಟುಗಳು ಇಳಿದವು, ಕೇರಳಕ್ಕೆ ಹೋಗುವ ಲಾರಿ ಹಿಮ್ಮುಖವಾಗಿ ಬಂದು ನಿಂತಿತು. ಗೊನೆ ಆರಿಸುವ ಹೆಂಗಸರು ಉದುರಿದ ಕಾಳನ್ನು ಬಾಯಿಗೆ ಹಾಕಿಕೊಳ್ಳುವುದು ಮಾಮೂಲು. ಅಷ್ಟರಲ್ಲಿ ಓರಗಿತ್ತಿ ಆ ಮುದುಕರಿಗೆ ಫೋನು ಹಚ್ಚಿಕೊಂಡೇ ಶೆಡ್ಡಿನೊಳಗೆ ಓಡಿದಳು. “ಬಾಯಲ್ಲಿ ಹಾಕ್ಬೇಡಿ! ಉಗೀರಿ, ಉಗೀರಿ!” ಎಂದು ಎರಡೂ ಭಾಷೆಯಲ್ಲಿ ಕೂಗುತ್ತಾ ಒಬ್ಬಳ ಕೈಯಿಂದ ಗೊನೆಯನ್ನೇ ಕಿತ್ತುಕೊಂಡಳು. ಅವಳ ಇನ್ನೊಂದು ಕೈಯಲ್ಲಿದ್ದ ಫೋನಿನಲ್ಲಿ ಮುದುಕರ ದನಿ ನನಗೂ ಕೇಳುತ್ತಿತ್ತು: “ನಾಲ್ಕು ದಿನ ಆತವ್ವಾ ಮದ್ದು ಹೊಡ್ದು. ಕೊಯ್ಬೋದು ಅಂತ ನಿಮ್ಮೋರೇ ಹೇಳಿ ಕಳ್ಸಿದ್ರಲ್ಲ?”

ನಿಮ್ಮೋರು ಎಂದರೆ ನಾನು.

ಮ್ಯಾನೇಜರು ಬಂದು ಲಾರಿ ತುಂಬುವುದನ್ನು ನಿಲ್ಲಿಸಿದರು. ರಿಪೋರ್ಟು ಯಾರದೆಂದು ಅವರಿಗೆ ಗೊತ್ತೇ ಇತ್ತು. ಇದು ಯಾವಾಗ ಗೊತ್ತಾಯಿತು ಎಂದು ಅವಳನ್ನು ಕೇಳಿದರು. ಅವಳು ನನ್ನ ಕಡೆ ನೋಡಲೂ ಇಲ್ಲ. “ಇಪ್ಪೋದಾನ್ ಸಾರ್,” ಈಗ ತಾನೇ, ಎಂದಳು. “ಹೊಸ ಮೆಷೀನಿನ ಸೆಟ್ಟಿಂಗು ಬೇರೆ ಇತ್ತು. ಅಕ್ಕನ ತಪ್ಪಲ್ಲ.”

ಆ ಸುಳ್ಳು ನನ್ನ ಕೆಲಸ ಉಳಿಸಿತು. ಕೃತಜ್ಞತೆ ಬರಬೇಕಿತ್ತು, ಬರಲಿಲ್ಲ. ಅವಳು ನನ್ನನ್ನು ಹಿಡಿದುಕೊಟ್ಟಿದ್ದರೆ ದ್ವೇಷಿಸಬಹುದಿತ್ತು, ಆ ಅವಕಾಶವನ್ನೂ ಕಿತ್ತುಕೊಂಡಳಲ್ಲ ಎಂದು ಹಲ್ಲು ಕಚ್ಚಿದೆ.

ಮುಂದಿನ ವಾರ ಅವಳು ನನ್ನ ಪಕ್ಕ ಕುಳಿತು ಎಲ್ಲವನ್ನೂ ಸರಿಪಡಿಸಿದಳು. ಮೊದಲು ತಾರೀಖಿನ ಕಾಲಮ್ಮನ್ನು ಅಕ್ಷರವಾಗಿಯೇ ಒಳಗೆ ತಾ, ದಿನ ಮೊದಲು ತಿಂಗಳು ಆಮೇಲೆ ಎಂದು ಸಾಫ್ಟ್‌ವೇರಿಗೆ ಬಾಯಿಬಿಟ್ಟು ಹೇಳು, ಆಮೇಲೆ ಅದನ್ನು ತಾರೀಖಿನ ಜಾತಿಗೆ ಬದಲಿಸು, ತೋರಿಸುವಾಗ ತಿಂಗಳನ್ನು ಅಂಕಿಯಲ್ಲಿ ಬರೆಯದೆ ಹೆಸರಿನಲ್ಲೇ ಬರೆ ಎಂದು ಒಂದೊಂದಾಗಿ ಹೇಳಿಕೊಟ್ಟಳು. ತಮಿಳು ತಿಂಗಳುಗಳಿಗೂ ಒಂದು ಪಟ್ಟಿ ಮಾಡಿ ಜೋಡಿಸಿದಳು. ಯಾರು ಕಲಿಸಿದರೆಂದು ಕೇಳಿದ್ದಕ್ಕೆ, “ತಪ್ಪು ಮಾಡಿ ಮಾಡಿ ಬಂತಕ್ಕಾ” ಎಂದಳು. ಅವಳು ತಪ್ಪು ಮಾಡಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ.

ದಿಂಡಿಗಲ್ಲಿನ ಮುಖ್ಯ ಕಚೇರಿಯಿಂದ ದೊಡ್ಡವರು ಬಂದರು. ಆ ರಿಪೋರ್ಟನ್ನು ನೋಡಿ, “ನೀವು ಮಾಡಿದ್ದಾ?” ಎಂದು ನನ್ನನ್ನು ಕೇಳಿದರು. ಅವಳು ಬಾಗಿಲ ಬಳಿ ಚೀಟಿಯ ಕಟ್ಟು ಹಿಡಿದು ಕುಳಿತಿದ್ದಳು. ನಾನು “ಹೌದು ಸಾರ್” ಎಂದೆ. ಅವಳು ಕಟ್ಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು. ಎರಡು ತಿಂಗಳಲ್ಲಿ ನನಗೆ ದಿಂಡಿಗಲ್ಲಿಗೆ ಬಡ್ತಿಯಾಯಿತು. ಅತ್ತೆ ಮೊದಲ ಬಾರಿಗೆ ನನ್ನನ್ನು ಹೊಗಳಿದರು. ಕಿವಿಗೆ ಸೀಸ ಹೊಯ್ದಂತಾಯಿತು.

ಅವಳಿಗೂ ಕೊಯಮತ್ತೂರಿನಲ್ಲಿ ನನಗಿಂತ ದೊಡ್ಡ ಕೆಲಸ ಸಿಕ್ಕಿತು. ಅವಳು ಹೊರಟ ದಿನ ಕಳಿಸಲು ಬಂದ ನಾನು ಕಂಬಂ ಬಸ್ಸು ನಿಲ್ದಾಣದಲ್ಲಿ ಅಂತೂ ಬಾಯಿಬಿಟ್ಟೆ. “ಆವತ್ತು ದೊಡ್ಡವರ ಮುಂದೆ ನಾನು...”

“ಗೊತ್ತಲ್ಲಕ್ಕಾ,” ಎಂದಳು. “ಕೋಪ ಬಂತು. ಒಂದು ಮಾಸ ನಿನ್ ಕೂಡ ಮಾತೇ ಬೇಡ ಅಂದ್ಕಂಡೆ. ಇಬ್ರಿಗೂ ಇರೋದು ಒಂದೇ ಒಲೆ, ಹೆಂಗೆ ಮಾತಾಡದೆ ಇರೋದು?” ನಕ್ಕು ಬಸ್ಸು ಹತ್ತಿದಳು.

ಮರುವಾರ ನಾನು ದೊಡ್ಡವರ ಕೋಣೆಗೆ ಹೋಗಿ ನಿಜ ಹೇಳಿದೆ. ಅವರು ತಲೆಯೆತ್ತದೆ, “ಅದೆಲ್ಲ ಹಳೇ ವಿಷಯಮ್ಮಾ” ಎಂದರು. ಹುದ್ದೆ ನನ್ನಲ್ಲೇ ಉಳಿಯಿತು. ಅವಳು ಕಲಿಸಿದ್ದರಿಂದಲೇ ಇಂದಿಗೂ ನಾನು ಅದರಲ್ಲಿ ನಿಂತಿದ್ದೇನೆ.

ಹೊಟ್ಟೆಕಿಚ್ಚು ಹೋಯಿತೇ ಎಂದರೆ, ಇಲ್ಲ. ನಮ್ಮ ಕಡೆ ಕನ್ನಡವನ್ನು ಆಡುತ್ತಾರೆ, ಓದುವವರಿಲ್ಲ. ಅವಳಿಗೆ ಬಾರದ್ದು ಒಂದಾದರೂ ನನಗೆ ಬರಲಿ ಎಂಬ ಹಠಕ್ಕೆ ಬಿದ್ದು ಈ ಅಕ್ಷರಗಳನ್ನು ಕಲಿತೆ, ಪುಸ್ತಕ ಓದಿ ಓದಿ ಈ ಬರಹದ ಭಾಷೆಯನ್ನೂ ಕಲಿತೆ. ಹಾಗಾಗಿ ಇದನ್ನು ಅವಳು ಓದಲಾರಳು. ಭಾನುವಾರ ಫೋನಿನಲ್ಲಿ ನಾನೇ ಓದಿ ಹೇಳಬೇಕು. ಪೂರ್ತಿ ಕೇಳುತ್ತಾಳೆ, ತನ್ನ ಹೊಗಳಿಕೆಗೆ ಏನೂ ಅನ್ನುವುದಿಲ್ಲ. ಆದರೆ ಅವಳ ಮಾತನ್ನು ನಾನು ಬರೆದ ಕಡೆಯೆಲ್ಲ ತಡೆದು, ಹಾಗಲ್ಲಕ್ಕಾ, ಹೀಗೆ ಅನ್ನಬೇಕು ಎಂದು ತಿದ್ದುತ್ತಾಳೆ. ನಾನು ಪೆನ್ನು ಹಿಡಿದುಕೊಂಡೇ ಕೂರುತ್ತೇನೆ.